ಮುತ್ಯಾಲಮ್ಮನ ಕಾರು ಕುಡಿದ ರಾಗಿಗಂಜಿ

ತಾಯಲೂರಿನಲ್ಲಿ ಮುತ್ಯಾಲಮ್ಮನ ಬಾಯಿಗೆ ಊರೇ ಹೆದರುತ್ತಿತ್ತು. ಅವಳು ಯಾರಿಗೂ ಹೆದರಿದವಳಲ್ಲ. ಗಂಡ ಚನ್ನರಾಯಪ್ಪ ಮುಳಬಾಗಿಲಿಗೆ ಬಾಡಿಗೆ ಕಾರು ಓಡಿಸುತ್ತಿದ್ದ. ಹಳೇ ಕಾರು. ಕೆಟ್ಟಾಗಲೆಲ್ಲ ಇವಳೂ ಅವನ ಜೊತೆ ಅದರಡಿಗೆ ನುಗ್ಗಿ ನಟ್ಟು ಬಿಚ್ಚುತ್ತಿದ್ದಳು. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ ಓಡಿಸುವುದನ್ನೂ ಕಲಿತಳು. ನೋಡಿದವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಇಟ್ಟುಕೊಳ್ಳಲಿ, ಮೂಗೂ ಅವರದೇ, ಬೆರಳೂ ಅವರದೇ.

ಪೆಟ್ರೋಲು ಕೂಪನ್ನಿಗೆ ಸಿಗುತ್ತಿದ್ದ ಯುದ್ಧದ ಕಾಲದಲ್ಲಿ ಚನ್ನರಾಯಪ್ಪ ಜ್ವರ ಬಂದು ತೀರಿಕೊಂಡ. ಮೈದುನ ಆವಲಪ್ಪ ಸ್ಟೇರಿಂಗ್ ಹಿಡಿದ. ರೇಡಿಯೇಟರು ಸೋರತೊಡಗಿದಾಗ ಆ ಪುಣ್ಯಾತ್ಮ, ಬಿರುಕು ಬಿಟ್ಟ ಮಡಕೆಗೆ ರಾಗಿಹಿಟ್ಟು ಮೆತ್ತುವ ನಮ್ಮ ಕಡೆಯ ಬುದ್ಧಿಯನ್ನೇ ಓಡಿಸಿ, ಅದರೊಳಗೆ ಒಂದು ಚೆಂಬು ರಾಗಿಗಂಜಿ ಹೊಯ್ದ. ಸೋರುವುದು ನಿಂತಿತು. ಆಮೇಲೆ ಒಳಗೆ ನೀರು ಹರಿಯುವುದೂ ನಿಂತಿತು. ಕಾರು ಕುದಿದು, ಹಬೆಯಾಡಿ, ನಡುದಾರಿಯಲ್ಲೇ ಕೂತಿತು. ಎತ್ತು ಕಟ್ಟಿ ಮನೆಗೆ ಎಳೆದು ತಂದರು.

"ಇಂಜಿನ್ನು ಸತ್ತೋಯ್ತು ವದಿನಾ" ಎಂದ ಆವಲಪ್ಪ, ಅತ್ತಿಗೆಯ ಮುಂದೆ ನಿಂತು. "ಮುಳಬಾಗಿಲಿನ ಹಳೇ ಕಬ್ಬಿಣದ ಸಾಹುಕಾರಂಗೆ ಹೇಳಿದೀನಿ. ನಾಡಿದ್ದು ಬಂದು ತೂಕ ಹಾಕ್ಕೊಂಡು ಹೋಗ್ತಾನೆ."

ಮುತ್ಯಾಲಮ್ಮನಿಗೆ ಮೈಯೆಲ್ಲ ಉರಿಯಿತು. ಕಾರು ಹೋದರೆ ತನಗೆ ಉಳಿಯುವುದು ಇವನ ಮನೆಯ ಮೂಲೆ, ಇವನ ಹೆಂಡತಿ ಬಡಿಸಿದಷ್ಟು ಮುದ್ದೆ.

"ಸತ್ತಿದ್ದು ನಿಮ್ಮಣ್ಣ ಕಣೋ, ಇಂಜಿನ್ನಲ್ಲ. ನೀನು ಅದಕ್ಕೆ ಅಜೀರ್ಣ ಮಾಡ್ಸಿದೀಯ!"

ಸೆರಗು ಸೊಂಟಕ್ಕೆ ಸಿಕ್ಕಿಸಿ ರೇಡಿಯೇಟರು ಕಳಚಿದಳು. ಅಗಸರ ಮನೆಯಿಂದ ಬಟ್ಟೆಯ ಕೊಳೆ ಬಿಡಿಸುವ ಚೌಳುಮಣ್ಣು ತಂದು, ಅದರ ತಿಳಿನೀರು ಕಾಯಿಸಿ, ಕೆಳಗಿನ ಕೊಳವೆಯಿಂದ ಹೊಯ್ದಳು, ಕುಲುಕಿದಳು, ಮತ್ತೆ ಹೊಯ್ದಳು. ಅಂಗಳದ ತುಂಬ ರಾಗಿಗಂಟು. ಸೋರುವ ಜಾಗವನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಸುಗೆಯನ್ನೂ ತಾನೇ ಹಾಕಿದಳು. ಕೈ ಸುಟ್ಟಿತು, ಬೈಗುಳವೆಲ್ಲ ಆವಲಪ್ಪನ ತಲೆಗೆ ಬಿತ್ತು.

ಸಾಹುಕಾರ ತಕ್ಕಡಿಯೊಂದಿಗೆ ಎತ್ತಿನ ಗಾಡಿಯಲ್ಲಿ ಬಂದಿಳಿದಾಗ ಅವಳು ರೇಡಿಯೇಟರನ್ನು ಮತ್ತೆ ಕೂರಿಸಿ, ನೀರು ತುಂಬಿ, ಕಾರಿನ ಮುಂದಿನ ಹ್ಯಾಂಡಲ್ ತಿರುಗಿಸುತ್ತಿದ್ದಳು. ಕಾರು ಕೆಮ್ಮಿ ಸುಮ್ಮನಾಯಿತು. ಆವಲಪ್ಪ ನಕ್ಕ. ಹಲ್ಲು ಕಚ್ಚಿ ಮತ್ತೆ ತಿರುಗಿಸಿದಳು. ಗುಡುಗುಡು ಎಂದು ಹತ್ತಿಕೊಂಡಿತು. ಇಂಜಿನ್ನನ್ನು ಬಹಳ ಹೊತ್ತು ಓಡಲು ಬಿಟ್ಟರೂ ನೀರು ಕುದಿಯಲಿಲ್ಲ, ತೊಟ್ಟಿಕ್ಕಲೂ ಇಲ್ಲ. ಅವಳು ಸೀಟು ಹತ್ತಿ ಕೂತಳು.

ಆವಲಪ್ಪ ಅಡ್ಡ ಬಂದ. "ಗಂಡ ಸತ್ತೋಳು ಕಾರು ಓಡ್ಸಿದ್ರೆ ಜನ ಏನಂತಾರೆ ವದಿನಾ?"

"ಮುಳಬಾಗಿಲಿಗೆ ಎಷ್ಟೊತ್ತಿಗೆ ಬಿಡ್ತೀಯಮ್ಮ ಅಂತಾರೆ. ಸರ್ಕೋ ಆಕಡೆ!"

ಸಾಹುಕಾರ ಒಮ್ಮೆ ತನ್ನ ಎತ್ತುಗಳನ್ನು ನೋಡಿದ, ಒಮ್ಮೆ ಕಾರನ್ನು ನೋಡಿದ. ನೀನು ಹಿಂದೆ ನಿಧಾನವಾಗಿ ಬಾ ಎಂದು ಗಾಡಿಯವನಿಗೆ ಹೇಳಿ, ತಕ್ಕಡಿ ಸಮೇತ ಹಿಂದಿನ ಸೀಟು ಹತ್ತಿದ.