ದೇವರಿಗೆ ಬ್ರಷ್ಷಿನಲ್ಲಿ ಹೊಡೆದದ್ದು

ಈಗ ಚಿಕ್ಕಬಳ್ಳಾಪುರದಲ್ಲಿ ಇತಿಹಾಸ ಗೊತ್ತಿಲ್ಲದವನು ಅಂತ ಉಳಿದಿರುವುದು ನಾನೊಬ್ಬನೇ. ಆಯಸ್ಸೆಲ್ಲ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿ ನಿವೃತ್ತನಾದವನು ಏನಾದರೂ ಹೇಳಹೊರಟರೆ, ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡವನೂ "ಇಲ್ಲ ಸಾರ್, ವಾಟ್ಸಾಪಲ್ಲಿ ಬೇರೆ ಬಂದಿದೆ" ಎಂದು ತಿದ್ದುತ್ತಾನೆ. ವಿದ್ವಾಂಸರಾದರೂ ಮೇಲು ಅಂದುಕೊಂಡರೆ ಅದೂ ಇಲ್ಲ. ಈಚೆಗೆ ಒಂದು ಆನ್‌ಲೈನ್ ವಿಚಾರ ಸಂಕಿರಣಕ್ಕೆ ಕೂತೆ. ಸ್ವಾಗತ ಭಾಷಣ ಮುಗಿಯುವ ಮೊದಲೇ ಸರ್ಟಿಫಿಕೇಟ್ ಬಂತು. ಅದು ಬಂದದ್ದೇ ತಡ, ಕೇಳುವವರೆಲ್ಲ ಮಾಯ. ಉಳಿದದ್ದು ನಾನು, ಭಾಷಣಕಾರರು, ಮತ್ತು ಯಾರದೋ ಮನೆಯ ಕುಕ್ಕರ್ ಸೀಟಿ.

ಹೀಗೆ ಉರಿದುಕೊಂಡು ಕೂತಿದ್ದಾಗ ತೊಂಡೇಬಾವಿ ಹತ್ತಿರದ ಹಳ್ಳಿಯಿಂದ ನನ್ನ ಅಕ್ಕನ ಫೋನು ಬಂತು. "ಲೋ, ಕೆರೆ ಏರಿ ಮೇಲಿನ ವೀರಗಲ್ಲಿಗೆ ನಾಳೆ ಗ್ರೈಂಡರ್ ಹಾಕ್ತಾರಂತೆ ಕಣೋ. ಕಿಚನ್ ಕಟ್ಟೆ ಥರ ಶೈನಿಂಗ್ ಬರ್ಬೇಕಂತೆ. ಬೇಗ ಬಾರಪ್ಪ."

ದನ ಕದಿಯಲು ಬಂದವರನ್ನು ತಡೆದು ಸತ್ತವನೊಬ್ಬನ ಕಲ್ಲು ಅದು, ಕೆತ್ತನೆಯಲ್ಲೇ ದನಗಳಿವೆ. ಊರವರು ಅದನ್ನು ದೇವರೆಂದು ಪೂಜಿಸಿ, ಎಣ್ಣೆ ಸುರಿದೂ ಸುರಿದೂ, ಮೂರು ಸಾಲು ಅಕ್ಷರ ಜಿಡ್ಡಿನಡಿ ಮುಚ್ಚಿಹೋಗಿತ್ತು. ಈವರೆಗೆ ಯಾರೂ ಓದಿರಲಿಲ್ಲ. ಗ್ರೈಂಡರ್ ತಾಗಿದರೆ ಆ ಮನುಷ್ಯನ ಹೆಸರು ಪುಡಿಯಾಗಿ ಗಾಳಿಗೆ ಹೋಗುತ್ತಿತ್ತು.

ಬೆಳಿಗ್ಗೆಯೇ ಬಸ್ಸು ಹಿಡಿದೆ. ಏರಿಯ ಮೇಲೆ ಪಂಪ್‌ಹೌಸಿನಿಂದ ವೈರು ಎಳೆದುಕೊಂಡು ಮಷಿನ್ನಿನವನು ಸಿದ್ಧನಾಗಿದ್ದ. ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷರು, ಮುಸುಕಿನ ಜೋಳ ಬೆಳೆಯುವವರು, ನನಗೆ ಕೈಮುಗಿದರು. "ಇದು ನಮ್ಮ ವಂಶದ ಮಹಾರಾಜಂದು ಸಾರ್. ಗ್ರೂಪಲ್ಲಿ ಪ್ರೂಫ್ ಬಂದಿದೆ."

"ಮಹಾರಾಜನೂ ಇಲ್ಲ, ಮಣ್ಣೂ ಇಲ್ಲ. ದನ ಕಾಪಾಡಿದೋನು," ಎಂದೆ.

"ಏನ್ ಸಾರ್, ನಮ್ ತಾತ ದನ ಕಾಯೋನಾ?"

ಜಗಳವಾಡಿ, ಗೋಗರೆದು, ಕೊನೆಗೆ ಒಪ್ಪಂದವಾಯಿತು: ಮೊದಲು ನಾನು ಅಕ್ಷರಗಳ ಅಚ್ಚು ತೆಗೆಯುವುದು, ಆಮೇಲೆ ಗ್ರೈಂಡರ್. ಅಚ್ಚು ತೆಗೆಯುವುದೆಂದರೆ ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಅಕ್ಷರದ ಗುಳಿಗಳಿಗೆ ಇಳಿಯುವಂತೆ ಬ್ರಷ್ಷಿನಲ್ಲಿ ಬಡಿದು, ಮೇಲೆ ಮಸಿ ಒತ್ತುವುದು. ಮೇಲಿನಿಂದ ಜಿಡ್ಡು ಕೆರೆಯುತ್ತ ಬಡಿಯತೊಡಗಿದೆ. ಮೊದಲ ಸಾಲೆಲ್ಲ ರಾಜನ ಹೊಗಳಿಕೆ. ನಮ್ಮ ಈಗಿನ ಆಮಂತ್ರಣ ಪತ್ರಿಕೆಗಳೂ ಹೀಗೇ ಅಲ್ಲವೇ? ಮಂತ್ರಿಗಳು ಮೇಲೆ, ಕೆಲಸ ಮಾಡಿದವನು ಕೊನೆಗೆ, ಅದೂ ಜಾಗ ಉಳಿದರೆ. ಎರಡನೆಯ ಸಾಲಿನಲ್ಲಿ ದನಗಳು ಬಂದವು. ಹೆಸರು ಇನ್ನೇನು ಬರಬೇಕು, ಹಿಂದಿನಿಂದ ಒಬ್ಬ ಅಜ್ಜಿ ತೆಲುಗು, ಕನ್ನಡ ಎರಡರಲ್ಲೂ ಕಿರುಚಿದಳು: "ಅಯ್ಯಯ್ಯೋ, ದೇವುಣ್ಣಿ ಕೊಡ್ತಾವುನ್ನಾಡೇ! ದೇವರಿಗೆ ಹೊಡೀತಾವ್ನೆ, ಮುಖಕ್ಕೆ ಮಸಿ ಬೇರೆ ಬಳೀತಾವ್ನೆ!"

ಜನ ಸೇರಿತು. ಅಷ್ಟರಲ್ಲಿ ನನ್ನ ಅಕ್ಕ, ಜನ್ಮದಲ್ಲಿ ಮೈಮೇಲೆ ದೇವರು ಬಂದವಳಲ್ಲ, ತಲೆಗೂದಲು ಬಿಚ್ಚಿ ತೂಗಾಡತೊಡಗಿದಳು. "ನನ್ನ ಮುಟ್ಬೇಡ್ರೋ! ಗ್ರೈಂಡರೂ ಮುಟ್ಬಾರ್ದು, ಬ್ರಷ್ಷೂ ಮುಟ್ಬಾರ್ದು, ಎಂದೆಂದಿಗೂ!"

ಮಷಿನ್ನಿನವನು ಮಷಿನ್ನನ್ನೂ ಬಿಟ್ಟು ಓಡಿದ. ಅಧ್ಯಕ್ಷರು ಉದ್ದಕ್ಕೆ ಅಡ್ಡಬಿದ್ದರು. ನನ್ನ ಕೈಯಿಂದ ಯಾರೋ ಬ್ರಷ್ಷು ಕಿತ್ತುಕೊಂಡರು. ಇನ್ಯಾರೋ ಒದ್ದೆ ಕಾಗದವನ್ನು ಹರಿದೆಸೆದು, ಡಬ್ಬಿ ತುಂಬ ಎಣ್ಣೆ ತಂದು ಕಲ್ಲಿನ ತಲೆಯ ಮೇಲಿಂದ ಸುರಿದರು.

ಮನೆಗೆ ಬಂದ ಮೇಲೆ ಅಕ್ಕ ಏನೂ ಆಗದವಳಂತೆ ಮುದ್ದೆ ಬಡಿಸಿದಳು. ನನಗೆ ಮೈಯೆಲ್ಲ ಉರಿ. "ಗ್ರೈಂಡರ್ ನಿಲ್ಲಿಸಿದ್ದು ಸರಿ. ನನ್ನ ಬ್ರಷ್ಷು ಯಾಕೆ ಸೇರಿಸ್ದೆ?"

"ಬಾಯಿಗೆ ಬಂದ್ಬಿಡ್ತು ಕಣೋ. ಅವರಿಗೊಂದು ನ್ಯಾಯ, ತಮ್ಮನಿಗೊಂದು ನ್ಯಾಯ ಅಂದಿದ್ರೆ ಯಾರಪ್ಪ ನಂಬ್ತಿದ್ರು?"

"ಹಾಗಾದ್ರೆ ದೇವರು ಇನ್ನೊಂದ್ಸಲ ಬರ್ಲಿ. ನನಗೆ ಅಪ್ಪಣೆ ಕೊಡ್ಲಿ."

"ದೇವರಂದ್ರೆ ನಿಮ್ಮ ಕಾಲೇಜಿನ ಮೀಟಿಂಗಾ, ನಿನ್ನೆ ಮಾಡಿದ ಠರಾವು ಇವತ್ತು ಕಿತ್ತಾಕೋಕೆ? ಸುಮ್ನೆ ಉಣ್ಣು."

ಉಂಡೆ. ಆ ವೀರನ ಹೆಸರು ಕಲ್ಲಿನ ಮೇಲೆ ಕ್ಷೇಮವಾಗಿದೆ, ನಾನು ಸಾಯುವುದರೊಳಗೆ ಅದನ್ನು ಓದುವುದಿಲ್ಲ ಎಂಬುದು ತುತ್ತಿನ ನಡುವೆ ಹೊಳೆದು ಕಣ್ಣಲ್ಲಿ ನೀರು ಬಂತು. ಅಕ್ಕ ಸಾರಿನ ಖಾರವೇನೋ ಅಂದುಕೊಂಡು ಇನ್ನೊಂದು ಚಮಚ ತುಪ್ಪ ಹಾಕಿದಳು.