ಉಪವಾಸಕ್ಕೆ ನಾಲ್ಕು ಸೇರು ಗೋಧಿ

ಹೋದ ಶುಕ್ರವಾರ ಹಲಸೂರಿನ ಹಿಟ್ಟಿನ ಗಿರಣಿಯಲ್ಲಿ ನನ್ನ ಮಾನ ಹೋಯಿತು. ತೆಗೆದವರು ಗಿರಣಿಯ ಖಾದರ್ ಸಾಹೇಬರು.

“ಏನ್ ಸ್ವಾಮಿ, ಮನೇಲಿ ಮದುವೆನಾ?” ಎಂದರು, ನನ್ನ ಗೋಧಿ ಡಬ್ಬಿ ಎತ್ತಿ ನೋಡುತ್ತಾ.

“ಇಲ್ಲ ಸಾಹೇಬ್ರೆ. ಉಪವಾಸ.”

ಸಾಲಿನಲ್ಲಿದ್ದವರೆಲ್ಲ ತಿರುಗಿದರು.

“ಉಪವಾಸಕ್ಕೆ ನಾಲ್ಕು ಸೇರಾ? ನಾವು ರೋಜಾ ಇದ್ರೆ ಹೊತ್ತು ಮುಳುಗೋವರೆಗೂ ನೀರು ಮುಟ್ಟಲ್ಲ. ನಿಮ್ದು ಯಾವ ಸೀಮೆ ಉಪವಾಸ ಸ್ವಾಮಿ?”

ನಗುತ್ತಲೇ ಕೇಳಿದರು. ನಾನೂ ನಕ್ಕೆ. ಮನೆಯ ದಾರಿಯಲ್ಲಿ ನಗು ನಿಂತಿತು.

ವಿಷಯ ಹೀಗಿದೆ. ಆರು ತಿಂಗಳಿಂದ ನನಗೆ ಎದೆಯುರಿ. ಹಸಿಮೆಣಸಿನಕಾಯಿ ಅರೆದು ಎದೆಯೊಳಗೆ ಬಳಿದ ಹಾಗೆ, ಜೊತೆಗೆ ಹುಳಿತೇಗು. ಡಾಕ್ಟರು ಮಿಕ್ಸ್‌ಚರ್ ಕೊಟ್ಟರು. ಕಾಫಿ ಬಿಡಿಸಿದರು. (ಬಿಟ್ಟೆ. ಬಿಟ್ಟವನ ಮುಖವನ್ನು ಬೆಳಿಗ್ಗೆ ನೋಡಬಾರದು.) ಹೋದ ತಿಂಗಳು, “ಹುಣ್ಣಿರಬಹುದು. ಇಳಿಯದಿದ್ರೆ ಆಪರೇಷನ್ ಯೋಚನೆ ಮಾಡ್ಬೇಕು” ಎಂದರು.

ಆಪರೇಷನ್ ಎಂದ ಕೂಡಲೇ ನಮ್ಮ ತಾಯಿ ಹರಕೆ ಹೊತ್ತರು. ಮಗನ ಶನಿವಾರದ ಒಪ್ಪತ್ತಿನ ಜೊತೆಗೆ ಸೋಮವಾರ, ಗುರುವಾರವೂ ಸೇರಿದವು. ದೇವರಿಗೂ ಸಮಾಧಾನ, ಹೊಟ್ಟೆಗೂ ವಿಶ್ರಾಂತಿ. ಬೇಡವೆನ್ನಲು ನಾನ್ಯಾರು?

ಒಪ್ಪತ್ತೆಂದರೆ ಗೊತ್ತಲ್ಲ, ರಾತ್ರಿ ಅನ್ನ ಮುಟ್ಟಬಾರದು. ಬದಲಿಗೆ ಫಲಾಹಾರ. ಅದರಲ್ಲಿ ಫಲವೊಂದನ್ನು ಬಿಟ್ಟು ಎಲ್ಲವೂ ಇರುತ್ತದೆ: ಗೋಧಿ ರವೆ ಉಪ್ಪಿಟ್ಟು, ಚಪಾತಿ, ಮೇಲೆ ಗೋಧಿ ಪಾಯಸ. ರೇಷನ್ ಅಂಗಡಿಯಲ್ಲಿ ಅಕ್ಕಿ ಕಡಿಮೆ ಮಾಡಿ ಗೋಧಿ ಅಳೆಯುವ ಈ ದಿನಗಳಿಗೆ ಹೇಳಿ ಮಾಡಿಸಿದ ವ್ರತ!

ಉರಿ ಮಾತ್ರ ಇಳಿಯಲಿಲ್ಲ. ಏರಿತು.

ಗಿರಣಿಯಿಂದ ಮನೆಗೆ ಬಂದವನೇ, ಉರಿಗೂ ಈ ನಾಲ್ಕು ಸೇರಿಗೂ ನಂಟಿದೆಯೇ ನೋಡೋಣವೆಂದು ದಿನಚರಿ ತೆಗೆದೆ. ತಿಂದದ್ದು, ಉರಿದದ್ದು ಎರಡನ್ನೂ ದಿನಾ ಬರೆಯುವವನು ನಾನು. ಬರೆದಿದ್ದೆ, ಹಿಂದಿರುಗಿ ಓದಿರಲಿಲ್ಲ. ಸೋಮವಾರ ಉಪ್ಪಿಟ್ಟು, ಉರಿ. ಮಂಗಳವಾರ ಮುದ್ದೆ, ಸೊಪ್ಪಿನ ಸಾರು, ಉರಿಯಿಲ್ಲ. ಗುರುವಾರ ಚಪಾತಿ, ಜೋರು ಉರಿ. ಪುಟಪುಟವೂ ಹೀಗೇ.

ಪುಸ್ತಕ ಹಿಡಿದು ಡಾಕ್ಟರ ಬಳಿ ಓಡಿದೆ. ನಿಧಾನವಾಗಿ ಓದಿದರು.

“ಗೋಧೀಲಿ ಗ್ಲೂಟನ್ ಅಂತ ಒಂದು ಅಂಟು ಇರುತ್ತೆ. ಅಕ್ಕಿ, ರಾಗೀಲಿ ಅದಿಲ್ಲ. ಕೆಲವರ ಹೊಟ್ಟೆಗೆ ಒಗ್ಗದೇ ಇರಬಹುದು. ಅದೇ ಕಾರಣ ಅಂತ ನಾನು ಹೇಳಲ್ಲ ರೀ. ಉಪ್ಪಿಟ್ಟಿಗೆ ಸುರಿಯೋ ಎಣ್ಣೆಯ ಕೆಲಸವೂ ಇರಬಹುದು. ಇನ್ನೊಂದು ತಿಂಗಳು ಕೊಡ್ತೀನಿ. ಗೋಧಿ ಪೂರ್ತಿ ಬಿಟ್ಟು ನೋಡಿ. ಆಪರೇಷನ್ ಮಾತು ಆಮೇಲೆ.”

ಡಾಕ್ಟರನ್ನು ಒಪ್ಪಿಸಿದಷ್ಟು ಸುಲಭವೇ ತಾಯಿಯನ್ನು ಒಪ್ಪಿಸುವುದು?

“ಹರಕೆ ಮುರೀತೀಯೇನೋ? ರಾತ್ರಿ ಅನ್ನ ಉಂಡು ದೇವರ ಮುಂದೆ ಯಾವ ಮುಖ ಇಟ್ಕೊಂಡು ನಿಲ್ತೀಯ?”

“ಮುರಿಯಲ್ಲಮ್ಮ. ಅನ್ನಾನೂ ಬೇಡ, ಗೋಧೀನೂ ಬೇಡ. ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಸಾಕು.”

“ಅಷ್ಟೇನಾ?” ಅವರ ಕಣ್ಣಲ್ಲಿ ನೀರು. “ಹರಕೆ ದಿನಾನೂ ಹಸ್ಕೊಂಡು ಮಲಗ್ತೀಯೇನೋ?”

ಮಲಗುತ್ತೇನೆ. ಚಾಕುವಿನ ಕೆಳಗೆ ಮಲಗುವುದಕ್ಕಿಂತ ಅದು ವಾಸಿ. ಮೂವತ್ತು ದಿನ, ನೆಂಟರ ಮನೆಯ ಹೋಳಿಗೆಗೂ ವಿನಾಯಿತಿಯಿಲ್ಲ. ಉರಿ ಇಳಿದರೆ ಗೋಧಿಯ ಮೇಲಿನ ಅನುಮಾನ ಗಟ್ಟಿಯಾಯಿತು. ಇಳಿಯದಿದ್ದರೆ ಪಾಪ, ಗೋಧಿಯ ಕ್ಷಮೆ ಕೇಳಿ ಆಸ್ಪತ್ರೆಗೆ ನಾನೇ ನಡೆದು ಹೋಗುತ್ತೇನೆ.

ಅಲ್ಲಾ, ನಿಮ್ಮಲ್ಲಿ ಯಾರಾದರೂ ಉಪವಾಸದ ದಿನ ಹಸಿದದ್ದುಂಟೆ?