ಏಸಿ ಅಣ್ಣ ಹೊತ್ತ ತಪ್ಪು

ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನಾನು ಅಲ್ಲಿ ನಿಲ್ಲಲಾರೆ. ಮೊನ್ನೆ ಮದ್ದೂರು ಸಂತೆಯಲ್ಲಿ ಸೊಪ್ಪಿನವಳು ಚೀಲಕ್ಕೆ ನೀರು ಚಿಮುಕಿಸುತ್ತಿದ್ದಳು, ಅಷ್ಟೇ... ಏಸಿ ಅಣ್ಣ ನೆನಪಾದರು.

ಗುತ್ತಲಿನಲ್ಲಿ ನಮ್ಮ ಮನೆಯೆದುರೇ ಅವರ ಫ್ರಿಜ್, ಏಸಿ ರಿಪೇರಿ ಅಂಗಡಿ. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ನಮ್ಮವ್ವನಿಗೆ ಸೆಕೆಯೂ ಆಗದು, ಚಳಿಯೂ ಆಗದು. ಎರಡಕ್ಕೂ ಒಂದೇ ಮೆಷಿನ್ ಸಾಕು ಎಂದು ಏಸಿ ಅಣ್ಣ ಅಂದಾಗ ನಾನು ನಂಬಲಿಲ್ಲ. ಮೆಷಿನ್ ಹಾಕಿದ ದಿನ, ಗೋಡೆಯಾಚೆ ಕೂರಿಸಿದ ಅದರ ಪೆಟ್ಟಿಗೆ ತಟ್ಟಿ ಹೇಳಿದರು:

“ಇದು ತಂಪ ಎಲ್ಲಿಂದ್ಲೂ ತರಾಕಿಲ್ಲ ಕಣಮ್ಮ. ಒಳಗಿನ ಬಿಸೀನ ಒತ್ಕೊಂಡೋಗಿ ಆಚೆ ಸುರೀತದೆ, ಅಷ್ಟೆಯಾ. ಚಳೀಲಿ ಉಲ್ಟಾ. ಆಚೆ ಬಿಸೀನ ಒಳಕ್ಕೆ ತತ್ತದೆ.”

“ಚಳೀಲಿ ಆಚೆ ಎಲ್ಲಣ್ಣ ಬಿಸಿ?” ಎಂದು ನಕ್ಕೆ.

“ನಮ್ ಕೈಗೆ ತಣ್ಗಿದ್ರೂ ಇದ್ಕೆ ಸಿಕ್ತದೆ. ಇದ್ರೊಳಗಿನ ಗ್ಯಾಸು ಅದ್ಕಿಂತ್ಲೂ ತಣ್ಗಿರ್ತದೆ.”

ಆ ಚಳಿಗಾಲ ಅವ್ವ ಕಂಬಳಿ ಸರಿಸಿ ಸುಖವಾಗಿ ನಿದ್ದೆ ಮಾಡಿದಳು.

ಏಪ್ರಿಲ್ ಬಂತು. ಬಿಸಿಲಿಗೆ ಆ ಪೆಟ್ಟಿಗೆ ಮುಟ್ಟಿದರೆ ಸುಡುತ್ತಿತ್ತು. ನೀರಿನ ಮಡಕೆಗೆ ಸುತ್ತುತ್ತೇವಲ್ಲ, ಹಾಗೇ ಒದ್ದೆ ಗೋಣಿಚೀಲವನ್ನು ಅದರ ಮೈತುಂಬ ಬಿಗಿದು ಕಟ್ಟಿದೆ. ಪಾಪ, ತಂಪಾಗಿರಲಿ ಅಂತ. ನನ್ನ ಬುದ್ಧಿಗೆ ಮಣ್ಣು ಹಾಕ! ಬಿಸಿ ಸುರಿಯುವ ಬಾಯನ್ನೇ ಮುಚ್ಚಿದ್ದೆ.

ಮಧ್ಯಾಹ್ನದ ಹೊತ್ತಿಗೆ ಮೆಷಿನ್ ನಿಂತಿತು. ಅವ್ವನ ಮೈ ಕೆಂಡ. ಬಸರಾಳಿಗೆ ಕೆಲಸಕ್ಕೆ ಹೋಗಿದ್ದ ಏಸಿ ಅಣ್ಣ ನಾನು ಫೋನ್ ಮಾಡಿದೊಡನೆ ಓಡಿಬಂದು ಚೀಲ ಕಿತ್ತೆಸೆದರು. ಒಳಗಿನ ಕಂಪ್ರೆಸರ್ ಆಗಲೇ ಸುಟ್ಟುಹೋಗಿತ್ತು. ಅವರದೇ ವ್ಯಾನಿನಲ್ಲಿ ಅವ್ವನನ್ನು ಆಸ್ಪತ್ರೆಗೆ ಸಾಗಿಸಿದೆವು. ಸಂಜೆಗೆ ಅವ್ವ ಹೋಗಿಬಿಟ್ಟಳು...

ಮಳವಳ್ಳಿಯಿಂದ ಬಂದ ನನ್ನ ತಮ್ಮ ನೇರ ಅವರ ಕೊರಳಪಟ್ಟಿಗೆ ಕೈ ಹಾಕಿದ. “ನಮ್ಮವ್ವಂಗೆ ಏನ್ಲಾ ಮಾಡ್ದೆ?”

ಏಸಿ ಅಣ್ಣ ನನ್ನತ್ತ ಒಮ್ಮೆ ನೋಡಿದರು. “ನನ್ ಫಿಟ್ಟಿಂಗೇ ಸರಿಯಾಗ್ಲಿಲ್ಲ ಕಣಪ್ಪ. ತಪ್ಪು ನಂದೆಯಾ” ಅಂದರು.

ನಾನು ಬಾಯಿ ಬಿಡಲಿಲ್ಲ. ಅವತ್ತೂ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ. ಬೀದಿಯವರೆಲ್ಲ ಅವರಿಗೆ ಕೆಲಸ ಕೊಡುವುದನ್ನೇ ನಿಲ್ಲಿಸಿದರು. ಅಂಗಡಿ ಮುಚ್ಚಿ ಶಿವಪುರಕ್ಕೆ ಹೊರಟ ದಿನ ನಾನು ಕಿಟಕಿ ಹಿಂದೆ ನಿಂತು ನೋಡಿದೆ. ಥೂ, ಎಂಥ ಹೇಡಿ ನಾನು!

ಮೊನ್ನೆ ಸಂತೆಯಿಂದ ಸೀದಾ ಅವರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಮೂರು ತಿಂಗಳಾಗಿತ್ತಂತೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು. ಅವರ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. ತಪ್ಪು ನಂದು, ನಮ್ಮವ್ವನ ಜೀವ ಕಳೆದದ್ದು ನಾನು ಎಂದು ಬಿಕ್ಕಿ ಬಿಕ್ಕಿ ಅತ್ತೆ.

ಅವರು ಸೆರಗಿನಿಂದ ನನ್ನ ಕಣ್ಣೊರೆಸಿದರು. “ಬುಡಿ ಕಣಮ್ಮ, ನನ್ ಸಮಾಧಾನುಕ್ಕೆ ಅಂಗಂತಿದೀರಿ. ತಪ್ಪು ನಂದೇ ಅಂತ ಸಾಯೋಗಂಟ ಅವ್ರೇ ಏಳ್ತಿದ್ರಲ್ಲ.”

ನಿಜ ಗೊತ್ತಿದ್ದವರು ನಾನು, ಏಸಿ ಅಣ್ಣ ಇಬ್ಬರೇ. ಈಗ ನಾನೊಬ್ಬಳೇ ಉಳಿದಿದ್ದೇನೆ, ಹೇಳಿದರೂ ನಂಬುವವರಿಲ್ಲ.